ಹಬ್ಬದ ಹೆಸರಿನಲ್ಲಿ ಕಟ್ಟುವ ಕಂತು

(ಶ್ರಾವಣಕ್ಕೆ ಮುನ್ನ ನಡೆದ ಸ್ವಸಹಾಯ ಸಂಘಗಳ ಸಭೆಯೊಂದರಲ್ಲಿ ಮಾಡಿದ ಭಾಷಣ)



ಇನ್ನೇನು ಶ್ರಾವಣ ಬಂತು. ಪಂಚಮಿ, ವರಮಹಾಲಕ್ಷ್ಮಿ, ಆಮೇಲೆ ಭಾದ್ರಪದದ ಗೌರಿ-ಗಣೇಶ, ಮಹಾಲಯ ಅಮಾವಾಸ್ಯೆ, ದಸರಾ, ದೀಪಾವಳಿ. ಮೂರು ತಿಂಗಳು ಒಂದರ ಬೆನ್ನಿಗೆ ಒಂದು ಹಬ್ಬ. ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಕಂಡರೆ ಮಕ್ಕಳು ಕುಣಿಯುತ್ತಾರೆ, ತಾಯಂದಿರು ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡು ಎಣಿಸುತ್ತಾರೆ. ನಿಮ್ಮ ಸಂಘದ ಸಾಲದ ಪುಸ್ತಕವನ್ನೇ ಒಮ್ಮೆ ತಿರುವಿ ನೋಡಿ. ಈ ಮೂರು ತಿಂಗಳಲ್ಲಿ ಎಷ್ಟು ಸಾಲ ಎದ್ದಿದೆ? ಕಾರಣ ಎಂಬ ಕಾಲಂನಲ್ಲಿ ಏನು ಬರೆದಿದೆ? ಬಹಳ ಕಡೆ 'ಮನೆ ಖರ್ಚು' ಎಂದಿರುತ್ತದೆ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಟ್ಟವಳು. ನಿವೃತ್ತಿಯಾದ ಮೇಲೆ ಸಂಘಗಳ ಲೆಕ್ಕ ನೋಡಿಕೊಡಲು ಹೋಗುತ್ತಿರುತ್ತೇನೆ. 'ಮನೆ ಖರ್ಚು ಅಂದ್ರೆ ಏನಮ್ಮ?' ಎಂದು ಕೇಳಿದರೆ ಮೊದಲು ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಬಾಯಿ ಬಿಡುತ್ತಾರೆ. ಒಬ್ಬರಿಗೆ ಮಗಳ ಮೊದಲ ವರ್ಷದ ಗೌರಿ. ಇನ್ನೊಬ್ಬರಿಗೆ ಅಳಿಯನ ಮೊದಲ ದೀಪಾವಳಿ, ಉಂಗುರ ಹಾಕಬೇಕು. ಮತ್ತೊಬ್ಬರ ಮಗಳಿಗೆ ಮದುವೆಯಾಗಿ ಆರು ವರ್ಷ ಕಳೆದಿದೆ, ಆದರೂ ವರ್ಷ ವರ್ಷ ಅತ್ತೆಗೆ, ನಾದಿನಿಗೆ, ನಾದಿನಿಯ ಮಕ್ಕಳಿಗೆ ಬಟ್ಟೆ ಹೋಗಲೇಬೇಕು. 'ಕೊಡದಿದ್ರೆ ಮಗೀಗೆ ಅಂತಾರೆ ಮೇಡಂ' ಎಂದು ಆಕೆ ಹೇಳಿದರು. ಈ ಮಾತು ಕೇಳಿದ ಮೇಲೂ ಅದನ್ನು ಮನೆ ಖರ್ಚು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಅದು ಮದುವೆಯಲ್ಲಿ ಮುಗಿಯದ ವರದಕ್ಷಿಣೆಯ ಕಂತು.

ನಾನು ಹಬ್ಬದ ವಿರೋಧಿಯಲ್ಲ. ಗೌರಿ ಹಬ್ಬ ನಮ್ಮ ಹೆಣ್ಣುಮಕ್ಕಳ ಹಬ್ಬ. ತದಿಗೆಯ ದಿನ ಗೌರಿ ತವರಿಗೆ ಬರುತ್ತಾಳೆ, ಚೌತಿಯ ದಿನ ಮಗ ಗಣೇಶ ಅವಳನ್ನು ಕರೆದೊಯ್ಯಲು ಬರುತ್ತಾನೆ ಎನ್ನುವುದು ನಮ್ಮ ಜನರ ನಂಬಿಕೆ. ಕೊಟ್ಟ ಹೆಣ್ಣು ವರ್ಷಕ್ಕೊಮ್ಮೆಯಾದರೂ ತಾಯಿಯ ಮಡಿಲಿಗೆ ಬರಲಿ ಎಂಬ ಆಸೆಯಿಂದ ಹುಟ್ಟಿದ ನಂಬಿಕೆ ಇದು. ಉತ್ತರ ಕರ್ನಾಟಕದ ಕಡೆ ಇದೇ ಆಸೆ ಪಂಚಮಿಗೆ ಅಂಟಿಕೊಂಡಿದೆ. ಕರೆಯಲು ಬರುವ ಅಣ್ಣನ ದಾರಿ ಕಾಯುವುದು, ಜೋಕಾಲಿ, ಉಂಡಿ. ಇನ್ನು ಬಾಗಿನದ ಮೊರದಲ್ಲಿ ಇರುವುದಾದರೂ ಏನು? ಅರಿಶಿನ, ಕುಂಕುಮ, ಬಳೆ, ಕನ್ನಡಿ, ಬಾಚಣಿಗೆ, ಕರಿಮಣಿ, ರವಿಕೆ ಕಣ, ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ. ಬಡವಿಯೂ ಕೂಡಿಸಿಕೊಳ್ಳಬಹುದಾದ ಸಾಮಾನು. ಅದರ ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗು ಹಿಡಿದು ಕೊಡುತ್ತಾರೆ. ಒಳಗೆ ಎಷ್ಟಿದೆ ಎಂದು ತೆಗೆದು ತೂಗುವ ರೂಢಿ ಮೊದಲಿರಲಿಲ್ಲ.

(ಈ ಬಾಗಿನವನ್ನು ಮುತ್ತೈದೆಯರಿಗೇ ಮೀಸಲಿಟ್ಟು, ಗಂಡ ಸತ್ತವಳನ್ನು ಮಗಳ ಹಬ್ಬದಲ್ಲೂ ಮೂಲೆಗೆ ಕೂರಿಸುವುದರ ಬಗ್ಗೆ ನನಗೆ ಬೇರೆಯೇ ಜಗಳವಿದೆ. ಅದು ಇನ್ನೊಂದು ದಿನಕ್ಕಿರಲಿ. ನಾನಂತೂ ವಿಧವೆಯಾದ ಮೇಲೂ ನನ್ನ ಮಗಳಿಗೆ ನನ್ನ ಕೈಯಾರೆ ಕೊಡುತ್ತಿದ್ದೇನೆ.)

ಈಗ ಆ ಮೊರದ ಪಕ್ಕದಲ್ಲಿ ಒಂದು ತಟ್ಟೆ ಬಂದು ಕೂತಿದೆ. ತಟ್ಟೆಯಲ್ಲಿ ರೇಷ್ಮೆ ಸೀರೆ, ಬೆಳ್ಳಿ ದೀಪ, ಅಳಿಯನಿಗೆ ಫೋನು. ವರಮಹಾಲಕ್ಷ್ಮಿಗೆ ಸೊಸೆಯ ತವರಿನಿಂದ ಬೆಳ್ಳಿ ಮುಖವಾಡ ಬಂತೋ ಇಲ್ಲವೋ ಎಂದು ಕುಂಕುಮಕ್ಕೆ ಬಂದವರೆಲ್ಲ ವಿಚಾರಿಸುತ್ತಾರೆ. ಫೋಟೊ ತೆಗೆದು ಊರಿಗೆಲ್ಲ ಕಳಿಸುತ್ತಾರೆ. ಹಿಂದೆ ನಾಲ್ಕು ಮನೆಯವರು ನೋಡುತ್ತಿದ್ದುದನ್ನು ಈಗ ನಾನೂರು ಮಂದಿ ನೋಡುತ್ತಾರೆ. ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಇದಕ್ಕಾಗಿ 20,000 ರೂಪಾಯಿ ಸಾಲ ತೆಗೆದಿರೆನ್ನಿ. ಬಡ್ಡಿಯೇ ತಿಂಗಳಿಗೆ 400. ಅಸಲು ಮುಟ್ಟದಿದ್ದರೆ ಮುಂದಿನ ಗೌರಿಯ ಹೊತ್ತಿಗೆ 4,800 ರೂಪಾಯಿ ಬಡ್ಡಿ ಕಟ್ಟಿರುತ್ತೀರಿ, 20,000 ಹಾಗೆಯೇ ಇರುತ್ತದೆ, ಹೊಸ ಗೌರಿ ಬಾಗಿಲಲ್ಲಿ ನಿಂತಿರುತ್ತಾಳೆ.

ಇದರ ಜೊತೆಗೆ ಅಣ್ಣತಮ್ಮಂದಿರದು ಇನ್ನೊಂದು ಲೆಕ್ಕ. 'ವರ್ಷ ವರ್ಷ ಬಾಗಿನ ಕೊಡ್ತಾ ಇದೀವಲ್ಲ, ಅದೇ ನಿನ್ನ ಪಾಲು' ಎನ್ನುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹಕ್ಕು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ತಂದಿತು, ಇಡೀ ದೇಶಕ್ಕೆ ಅದು 2005ರಲ್ಲಿ ಬಂತು. ಆದರೆ ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚೀತು ಎಂಬ ಭಯದಿಂದ ಮಗಳು ಬಾಯಿ ಮುಚ್ಚಿಕೊಳ್ಳುತ್ತಾಳೆ. ಹೀಗೆ ಅವಳ ಕೈಗೆ ಹೊಲವೂ ಇಲ್ಲ, ಹಬ್ಬಕ್ಕೆ ಕೊಟ್ಟ ತಟ್ಟೆಯೂ ಇಲ್ಲ. ಅದು ಹೋಗುವುದು ಅತ್ತೆಯ ಬೀರುವಿಗೆ.

ಹಾಗಾದರೆ ಏನು ಮಾಡಬೇಕು? ಒಬ್ಬ ತಾಯಿ ಮಾಡಿದ್ದನ್ನು ಹೇಳುತ್ತೇನೆ. ಹೂ ಕಟ್ಟಿ ಮಾರುವ ಹೆಂಗಸು, ಇಬ್ಬರು ಹೆಣ್ಣುಮಕ್ಕಳು, ಒಬ್ಬ ಮಗ. ಆಷಾಢದಲ್ಲಿ ಒಂದು ರಾತ್ರಿ ಊಟವಾದ ಮೇಲೆ ಗಂಡನನ್ನೂ ಮಗನನ್ನೂ ಕೂರಿಸಿಕೊಂಡಳು. ಎಷ್ಟು ಖರ್ಚು ಮಾಡೋಣ ಎಂದು ಶುರು ಮಾಡಲಿಲ್ಲ. 'ಹಬ್ಬ ಅಂದ್ರೆ ನಂಗೆ ಏನು ಬೇಕು ಹೇಳ್ಲಾ? ಮಕ್ಕಳು ಎರಡು ರಾತ್ರಿ ನನ್ ಪಕ್ಕ ಮಲಗಬೇಕು. ಅವರಿಗೆ ನಾನು ಬಿಸಿ ಕಡುಬು ಮಾಡಿ ಹಾಕ್ಬೇಕು. ಇಷ್ಟೇ' ಅಂದಳು. ಅವಳ ಪಟ್ಟಿಯಲ್ಲಿ ರೇಷ್ಮೆಯೂ ಇರಲಿಲ್ಲ, ಉಂಗುರವೂ ಇರಲಿಲ್ಲ. ಉಳಿದದ್ದೆಲ್ಲ ಇನ್ನೊಬ್ಬರ ಕಣ್ಣಿಗಾಗಿ ಎಂದು ಆ ಮನೆಯವರಿಗೇ ಕಂಡಿತು. ಆಮೇಲೆ ಗೆರೆ ಎಳೆದರು: ಸಾಲ ಮಾಡದೆ, ಉಳಿಸಿದ ದುಡ್ಡಿನಲ್ಲಿ ಒಂದು ನೂಲಿನ ಸೀರೆ ಮತ್ತು ಬಾಗಿನ. ಇಬ್ಬರು ಹೆಣ್ಣುಮಕ್ಕಳಿಗೂ ಒಂದೇ, ಮುಂದೆ ಬರುವ ಸೊಸೆಗೂ ಅದೇ. ಹೆಂಗಸರಿಗೆ ಇದುವರೆಗೆ ಗೆರೆಗಳನ್ನೆಲ್ಲ ಬೇರೆಯವರೇ ಎಳೆದುಕೊಟ್ಟಿದ್ದಾರೆ. ಇದು ಅವಳೇ ಎಳೆದದ್ದು.

ಆಕೆ ಇನ್ನೊಂದು ಜಾಣತನ ಮಾಡಿದಳು. ಹಬ್ಬದ ದಿನ, ನೆಂಟರೆಲ್ಲ ಸೇರಿದಾಗ, ಮಗಳ ತಲೆಯ ಮೇಲೆ ಈ ಮಾತು ಬೀಳಲು ಬಿಡಲಿಲ್ಲ. ಒಂದು ತಿಂಗಳು ಮುಂಚೆ ತಾನೇ ಬೀಗಿತ್ತಿಯ ಮನೆಗೆ ಹೋಗಿ, ಗಂಡನ ಎದುರಿಗೇ ಹೇಳಿದಳು: 'ಅಕ್ಕಾ, ನಮ್ಮನೇಲಿ ಈ ವರ್ಷದಿಂದ ಇಷ್ಟೇ ಅಂತ ತೀರ್ಮಾನ ಮಾಡ್ಕೊಂಡಿದೀವಿ. ಇದನ್ನ ನಿಮ್ ಸೊಸೆ ಹೇಳಿಲ್ಲ, ನಾವೇ ಮಾಡ್ಕೊಂಡಿರೋದು.' ಈ ಕೊನೆಯ ಮಾತು ಬಹಳ ಮುಖ್ಯ. ಆಮೇಲಿನ ಕೋಪವನ್ನು ಸೊಸೆಯ ಮೇಲೆ ತೀರಿಸಿಕೊಳ್ಳಲು ಅದು ದಾರಿ ಬಿಡುವುದಿಲ್ಲ.

ನಾವು ಸಾಮಾನ್ಯವಾಗಿ ಏನು ಮಾಡುತ್ತೇವೆ? 'ಈ ಸಲ ಮಳೆ ಕೈಕೊಡ್ತು, ರಾಗಿ ಬರಲಿಲ್ಲ' ಎಂದು ಗೋಗರೆಯುತ್ತೇವೆ. ಹಾಗೆಂದರೆ ಎದುರಿನವರು 'ಆಯ್ತು, ಬರೋ ವರ್ಷ ಮಾಡಿ' ಎನ್ನುತ್ತಾರೆ. ಬಡತನವನ್ನು ನೆಪವಾಗಿ ಹೇಳಿದರೆ ಬಾಕಿ ಮುಂದಕ್ಕೆ ಹೋಗುತ್ತದೆ, ಅಷ್ಟೆ. ಇದು ನಮ್ಮ ಮನೆಯ ತೀರ್ಮಾನ ಎಂದರೆ ಬಾಕಿ ಎನ್ನುವುದೇ ಇರುವುದಿಲ್ಲ. ಆ ಬೀಗಿತ್ತಿ ಒಂದು ವರ್ಷ ಮುಖ ಊದಿಸಿಕೊಂಡಿದ್ದರಂತೆ. ಮರುವರ್ಷ ಕೇಳಲಿಲ್ಲ.

ಇಲ್ಲಿ ಕುಳಿತವರಲ್ಲಿ ಅತ್ತೆಯರೂ ಇದ್ದೀರಿ. ನಿಮ್ಮನ್ನು ಸುಮ್ಮನೆ ಬಿಡಲಾರೆ! ಮಗಳ ಮನೆಗೆ ಕೊಡುವಾಗ ಕಣ್ಣೀರು, ಸೊಸೆಯ ತವರಿನಿಂದ ಬರುವಾಗ ತಕ್ಕಡಿ, ಇದು ಯಾವ ನ್ಯಾಯ? ಈ ವಾರವೇ ಸೊಸೆಯ ತಾಯಿಗೆ ಫೋನು ಮಾಡಿ, 'ಹಬ್ಬಕ್ಕೆ ಏನೂ ತರಬೇಡಿ, ನೀವು ಬನ್ನಿ' ಎನ್ನಿ. ಆ ಕಡೆ ಒಂದು ಮನೆಯ ಸಾಲ ತಪ್ಪುತ್ತದೆ. ಹಾಗೆಯೇ ಹಬ್ಬದ ದಿನ ನಾಲ್ಕು ಗಂಟೆಗೆದ್ದು ಇಪ್ಪತ್ತು ಜನಕ್ಕೆ ಹೋಳಿಗೆ ತಟ್ಟುವ ಸೊಸೆಯ ಜೊತೆ ಮಗನನ್ನೂ ಕೂರಿಸಿ. ಕಾಯಿ ತುರಿದರೆ ಅವನ ಕೈ ಸವೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಕಷ್ಟದ ಮಾತಿಗೆ ಬರುತ್ತೇನೆ. ಎಲ್ಲ ಮನೆಯಲ್ಲೂ ಬೀಗಿತ್ತಿ ಮುಖ ಊದಿಸಿಕೊಂಡು ಸುಮ್ಮನಾಗುವುದಿಲ್ಲ. ನಾವು ಇಲ್ಲಿ 'ಇಲ್ಲ' ಎಂದರೆ ಅಲ್ಲಿ ಮಗಳ ಬೆನ್ನ ಮೇಲೆ ಬೀಳುತ್ತದೆ ಎನ್ನುವ ಮನೆಗಳೂ ಇವೆ. ಅಂಥ ಕಡೆ ಗೆರೆ ಎಳೆದೆವು ಎಂದು ನೆಮ್ಮದಿಯಾಗಿ ಕೂರುವಂತಿಲ್ಲ. ಕೊಟ್ಟು ಬಾಯಿ ಮುಚ್ಚಿಸುತ್ತೇವೆ ಎಂದರೆ ಅದೂ ಆಗದು. ಒಂದು ಸಲ ಹೊಡೆದು ಉಂಗುರ ಪಡೆದವನಿಗೆ ಹೊಡೆದರೆ ಸಿಗುತ್ತದೆ ಎಂದು ಗೊತ್ತಾಗಿಬಿಡುತ್ತದೆ.

ಆದ್ದರಿಂದ ಹಬ್ಬಕ್ಕೆ ಬಂದ ಮಗಳನ್ನು ಸರಿಯಾಗಿ ನೋಡಿ. ಮದುವೆಯಲ್ಲಿ ಹಾಕಿದ ಒಡವೆ ಮೈಮೇಲಿದೆಯೇ? ಗಂಡನ ಫೋನು ಬಂದರೆ ಬೆಚ್ಚುತ್ತಾಳೆಯೇ? ತೋಳು ಮುಚ್ಚಿಕೊಳ್ಳುತ್ತಾಳೆಯೇ? ಅವಳನ್ನು ಕಳಿಸುವುದಕ್ಕೇ ಒಪ್ಪದಿದ್ದರೆ ಇನ್ನೂ ಎಚ್ಚರ. ಹಬ್ಬ ಬರಲಿ ಎಂದು ಕಾಯಬೇಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಹತ್ತಲು ಟಿಕೇಟಿನ ದುಡ್ಡಿನ ಚಿಂತೆ ತಪ್ಪಿದೆ. ಒಂದು ಬುಧವಾರ ಸುಮ್ಮನೆ ಹೋಗಿ ನೋಡಿಕೊಂಡು ಬನ್ನಿ, ಸಂಘದ ಇನ್ನೊಬ್ಬಳನ್ನು ಜೊತೆಗೆ ಕರೆದುಕೊಳ್ಳಿ. 'ದುಡ್ಡು ತರದೆ ಬರಬೇಡ' ಎಂದು ಕಳಿಸಿದ್ದರೆ, ಶಾಸ್ತ್ರ ಮುಗಿಯಿತು ಎಂದು ಅವಳನ್ನು ಬಸ್ಸು ಹತ್ತಿಸಬೇಡಿ. ಗೌರಿಯನ್ನು ನೀರಿಗೆ ಬಿಡುತ್ತೇವೆ, ಮಗಳನ್ನು ಬಿಡಲಾಗುವುದಿಲ್ಲ.

ಕಾನೂನಿನ ಮಾತು. 1961ರ ವರದಕ್ಷಿಣೆ ನಿಷೇಧ ಕಾಯಿದೆಯಲ್ಲಿ ವರದಕ್ಷಿಣೆ ಎಂದರೆ ಮದುವೆಯ ದಿನದ್ದು ಮಾತ್ರವಲ್ಲ, ಮದುವೆಗೆ ಸಂಬಂಧಪಟ್ಟು ಆಮೇಲೆ ಯಾವಾಗ ಕೊಟ್ಟರೂ ಅದೇ. ಕೇಳುವುದೂ ಅಪರಾಧ, 6 ತಿಂಗಳಿಂದ 2 ವರ್ಷದವರೆಗೆ ಸಜೆಯುಂಟು. ಆದರೆ ಒಂದು ತೊಡಕಿದೆ. 2001ರಲ್ಲಿ ಸತ್ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಗು ಹುಟ್ಟಿದಾಗ ಮತ್ತಿತರ ಸಮಾರಂಭಗಳಲ್ಲಿ ರೂಢಿಯಂತೆ ಕೊಡುವುದು ವರದಕ್ಷಿಣೆಯಾಗದು ಎಂದಿತು. 'ಅದು ಹಬ್ಬದ ಉಡುಗೊರೆ ಸ್ವಾಮಿ' ಎಂದು ಎದುರು ವಕೀಲರು ಹಿಡಿದುಕೊಳ್ಳಬಹುದಾದ ಎಳೆ ಇದು. 2022ರಲ್ಲಿ ಅದೇ ಕೋರ್ಟು, ಮನೆ ಕಟ್ಟಲು ತವರಿನಿಂದ ಹಣ ತರಹೇಳಿದ್ದೂ ವರದಕ್ಷಿಣೆಯೇ, ಆ ಪದಕ್ಕೆ ವಿಶಾಲವಾದ ಅರ್ಥ ಕೊಡಬೇಕು ಎಂದು ಹೇಳಿತು. ಇನ್ನು ಹಳೆಯ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ಅದರಲ್ಲಿ ವರದಕ್ಷಿಣೆ ಎಂಬ ಪದವೇ ಇಲ್ಲ. ಆಸ್ತಿಯನ್ನಾಗಲಿ ಬೆಲೆಬಾಳುವ ವಸ್ತುವನ್ನಾಗಲಿ ಅಕ್ರಮವಾಗಿ ತರಿಸಿಕೊಳ್ಳಲು ಹೆಂಡತಿಯನ್ನು ಪೀಡಿಸಿದರೆ ಸಾಕು, ಅದು ಕ್ರೌರ್ಯ. ಹಬ್ಬದ ಹೆಸರು ಹೇಳಿದ ಮಾತ್ರಕ್ಕೆ ಅವರು ಪಾರಾಗುವುದಿಲ್ಲ.

ಹಾಗಾಗಿ ಬರೆದಿಡಿ. ಯಾವ ತಾರೀಕು, ಯಾರು ಕೇಳಿದರು, ಏನು ಕೇಳಿದರು, ತರದಿದ್ದಾಗ ಏನು ಮಾಡಿದರು. ಫೋನಿಗೆ ಬಂದ ಸಂದೇಶ ಅಳಿಸಬೇಡಿ. ಕೊಡಲೇಬೇಕಾಗಿ ಬಂದರೆ ಬ್ಯಾಂಕಿನ ಮೂಲಕ ಕೊಡಿ, ಗುರುತು ಉಳಿಯುತ್ತದೆ. ಕೊಟ್ಟೆವೆಂದು ಹೇಳಿದರೆ ನಮ್ಮ ಮೇಲೇ ಕೇಸಾದೀತು ಎಂದು ಅನೇಕರು ಹೆದರುತ್ತಾರೆ. ನೊಂದವರು ಕೊಟ್ಟ ಹೇಳಿಕೆಯಿಂದ ಅವರನ್ನೇ ಶಿಕ್ಷೆಗೆ ಗುರಿಮಾಡುವಂತಿಲ್ಲ ಎಂದು ಆ ಕಾಯಿದೆಯ 7ನೇ ಕಲಮಿನಲ್ಲೇ ಇದೆ. ಪೊಲೀಸು ಬೇಡ, ಸದ್ಯ ಹೊಡೆತ ನಿಂತು ಇರಲು ಸೂರು ಸಿಕ್ಕರೆ ಸಾಕು ಎನ್ನುವವರಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆ ಇದೆ. ಅದರಡಿ ರಕ್ಷಣಾಧಿಕಾರಿಯ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು. ಹೆಂಗಸರಿಗೆ ಸರ್ಕಾರದ ವಕೀಲರ ನೆರವು ಪುಕ್ಕಟೆ, ಅದಕ್ಕೆ ಆದಾಯದ ಮಿತಿಯಿಲ್ಲ.

ಸಂಘಗಳಿಗೆ ಒಂದು ಸಲಹೆ. ಹಬ್ಬದ ಉಡುಗೊರೆಗೆ ಸಾಲವಿಲ್ಲ ಎಂದು ಕೆಲವರು ನಿರ್ಣಯ ಮಾಡಲು ಹೊರಟಿದ್ದೀರಿ. ಒಳ್ಳೆಯದೇ. ಆದರೆ ಕೇಳಿ ಬಂದವಳನ್ನು ಬರಿಗೈಯಲ್ಲಿ ಕಳಿಸಿದರೆ ಅವಳು ನೇರವಾಗಿ ಮೈಕ್ರೋ ಫೈನಾನ್ಸಿನವರ ಹತ್ತಿರ ಹೋಗುತ್ತಾಳೆ. ಇಲ್ಲ ಎನ್ನುವ ಮುಂಚೆ 'ಕೊಡದಿದ್ರೆ ಏನಾಗುತ್ತೆ?' ಎಂದು ಅವಳನ್ನು ಪಕ್ಕಕ್ಕೆ ಕರೆದು ಕೇಳಿ. 'ನಾಲ್ಕು ಜನ ನಗ್ತಾರೆ' ಎಂದರೆ ಧೈರ್ಯ ಹೇಳಿ ಕಳಿಸಿ. 'ಮಗಳಿಗೆ ಹೊಡೀತಾರೆ' ಎಂದರೆ ಸಾಲದ ಪುಸ್ತಕ ಮುಚ್ಚಿ, ನಾಲ್ಕು ಜನ ಎದ್ದು ಅವಳ ಜೊತೆ ಹೊರಡಿ.

ಬೋರ್ಡಿನ ಮೇಲೆ ಮೂರು ನಂಬರು ಬರೆದಿದ್ದೇನೆ: 181 ಮಹಿಳಾ ಸಹಾಯವಾಣಿ, 112 ತುರ್ತು ಕರೆಗೆ, 15100 ಉಚಿತ ಕಾನೂನು ನೆರವಿಗೆ. ಮೂರನ್ನೂ ನಿಮ್ಮ ಪಾಸ್‌ಪುಸ್ತಕದ ಹಿಂದೆ ಬರೆದುಕೊಳ್ಳಿ. ಮಗಳು ಹಬ್ಬಕ್ಕೆ ಬಂದಾಗ ಅವಳಿಗೂ ಬರೆದುಕೊಡಿ. ಈಗ ನಿಮ್ಮಲ್ಲಿ ಯಾರಾದರೂ ಮಾತಾಡಿ, ನಾನು ಕೇಳುತ್ತೇನೆ.