ದೆಮೆತ್ರಿಯಾಸಳ ಮನೆಗೆ ಬಂದ ಪತ್ರಗಳು

ಮನುಷ್ಯ ನೀತಿವಂತನಾಗುವುದು ದೇವರ ಕೃಪೆಯಿಂದಲೋ ತನ್ನ ವಿಧೇಯತೆಯಿಂದಲೋ ಎಂಬ ಕ್ರೈಸ್ತರ ಜಗಳ ಧರ್ಮಸುಧಾರಕ ಲೂಥರನಿಂದ ಶುರುವಾಯಿತೆಂದು ಅನೇಕರು ತಿಳಿದಿದ್ದಾರೆ. ಅವನಿಗಿಂತ ಸಾವಿರದ ನೂರು ವರ್ಷ ಮೊದಲೇ ಅದು ಕಾವೇರಿತ್ತು. ಅದು ಒಂದು ಮನೆಯ ಒಳಗೂ ಬಂದಿತ್ತು. ಇವತ್ತು ಆ ಮನೆಯ ಕತೆ.

410ರಲ್ಲಿ ಗಾಥರ ದೊರೆ ಅಲಾರಿಕ್ ರೋಮನ್ನು ಸೂರೆ ಮಾಡಿದ. ಅನೀಸಿಯಾ ಎಂಬ ಸಿರಿವಂತ ಮನೆತನದ ಹೆಂಗಸರು ಕಡಲು ದಾಟಿ ಆಫ್ರಿಕಾದ ಕಾರ್ಥೇಜಿಗೆ ಬಂದರು. ಅಜ್ಜಿ ಪ್ರೋಬಾ, ತಾಯಿ ಜೂಲಿಯಾನಾ, ಮಗಳು ದೆಮೆತ್ರಿಯಾಸ್. 413ರ ಸುಮಾರಿಗೆ ಮದುವೆಗೆ ಸಿದ್ಧತೆ ನಡೆದಿರುವಾಗ ಹುಡುಗಿ ಮದುವೆ ಒಲ್ಲೆ, ಕನ್ಯಾವ್ರತ ಹಿಡಿಯುತ್ತೇನೆ ಎಂದಳು. ಅವಳಿಗೆ ಬುದ್ಧಿಮಾತು ಬರೆಯಿರೆಂದು ಮನೆಯವರು ಹಿರಿಯರನ್ನು ಕೇಳಿಕೊಂಡರು. ಕ್ರೈಸ್ತ ವಿದ್ವಾಂಸ ಜೆರೋಮ್ ಬರೆದ. ಪೆಲಾಜಿಯಸನೂ ಬರೆದ.

ಪೆಲಾಜಿಯಸ್ ಬ್ರಿಟನ್ನಿನವ. ರೋಮಿನಲ್ಲಿ ಬಹುಕಾಲ ಇದ್ದು, ಹೆಸರಿಗಷ್ಟೇ ಕ್ರೈಸ್ತರಾಗಿದ್ದವರ ಸಡಿಲ ಬಾಳು ಕಂಡು ರೋಸಿದ್ದವ. ಆಗುವುದಿಲ್ಲ ಎನ್ನುವುದು ಬರೀ ನೆಪ, ಆಗದ್ದನ್ನು ದೇವರು ಆಜ್ಞಾಪಿಸುವುದಿಲ್ಲ ಎಂಬುದು ಅವನ ಪತ್ರದ ತಿರುಳು. ನಿನ್ನ ಕುಲ, ನಿನ್ನ ಹಣ ಬೇರೆಯವರಿಂದ ಬಂದವು. ಆತ್ಮದ ಐಶ್ವರ್ಯವನ್ನು ಮಾತ್ರ ನೀನೇ ಗಳಿಸಬೇಕು ಎಂದು ಆ ಹುಡುಗಿಗೆ ಹೇಳಿದ. ಕೋಟ್ಯಧೀಶರ ಮನೆಗೆ ಹೀಗೆ ಬರೆಯಲು ಎದೆಗಾರಿಕೆ ಬೇಕು.

ಕೆಲ ವರ್ಷಗಳಲ್ಲಿ ಅದೇ ಮನೆಗೆ, ತಾಯಿಯ ಹೆಸರಿಗೆ, ಆಫ್ರಿಕಾದ ಬಿಷಪ್ ಆಗಸ್ಟೀನನೂ ಅವನ ಗೆಳೆಯ ಅಲಿಪಿಯಸನೂ ಕೂಡಿ ಬರೆದ ಪತ್ರ ಬಂತು. ಆ ಐಶ್ವರ್ಯ ನಿಮ್ಮ ಮಗಳಲ್ಲಿ ಇರಬೇಕಾದದ್ದು ನಿಜ, ಆದರೆ ಅವಳಿಂದಲೇ ಹುಟ್ಟಿತು ಎನ್ನುವುದು ವಿಷ ಎಂದು ಎಚ್ಚರಿಸಿದರು.

ಆಗಸ್ಟೀನನಿಗೆ ಈ ಭಯ ಏಕೆ? ಅವನ ಆತ್ಮಕಥನದಲ್ಲಿ ಒಂದು ಕಳ್ಳತನವಿದೆ. ಹದಿನಾರರ ಹರೆಯ, ರಾತ್ರಿ ಹೊತ್ತು, ಗೆಳೆಯರ ಗುಂಪು ಕಟ್ಟಿಕೊಂಡು ಪಕ್ಕದವರ ಮರದ ಪೇರ್ ಹಣ್ಣನ್ನೆಲ್ಲ ಉದುರಿಸಿದ. ಹಸಿವಿರಲಿಲ್ಲ. ಹಣ್ಣು ನೋಡಲೂ ಚಂದವಿಲ್ಲ, ರುಚಿಯೂ ಇಲ್ಲ. ಅದಕ್ಕಿಂತ ಒಳ್ಳೆಯದು ಅವನ ಬಳಿಯೇ ಇತ್ತು. ಒಂದೆರಡು ಕಚ್ಚಿ ಉಳಿದದ್ದನ್ನು ಹಂದಿಗಳಿಗೆ ಎಸೆದರು. ತಪ್ಪೆಂದು ಗೊತ್ತಿತ್ತು, ತಪ್ಪೆಂಬುದೇ ಸಿಹಿಯಾಗಿತ್ತು. ಆಜ್ಞೆಯನ್ನು ಅರಿತವನು ಪಾಲಿಸಬಲ್ಲ ಎನ್ನುವ ಪೆಲಾಜಿಯಸನ ಬಳಿ ಆ ಹಣ್ಣುಗಳಿಗೆ ಉತ್ತರವಿಲ್ಲ ಎಂಬುದು ನನ್ನ ಅಭಿಪ್ರಾಯ.

ನಿಮಗೆ ಮರಿಯೇ ತಾಯಿಯನ್ನು ಅಪ್ಪಿ ಹಿಡಿಯುವ ಮರ್ಕಟ ನ್ಯಾಯ, ತಾಯಿಬೆಕ್ಕೇ ಮರಿಯನ್ನು ಬಾಯಲ್ಲಿ ಕಚ್ಚಿ ಒಯ್ಯುವ ಮಾರ್ಜಾಲ ನ್ಯಾಯ ನೆನಪಾಗುತ್ತಿರಬಹುದು. ಭಾರತದ ಕೃಪಾಧರ್ಮವನ್ನೂ ಕ್ರೈಸ್ತಧರ್ಮವನ್ನೂ ಜೊತೆಗಿಟ್ಟು 1930ರಲ್ಲಿ ಪುಸ್ತಕ ಬರೆದ ಜರ್ಮನಿಯ ರುಡಾಲ್ಫ್ ಒಟ್ಟೊಗೂ ನೆನಪಾಗಿತ್ತು. ಆದರೆ ಬೆಕ್ಕಿನ ಮರಿಗೆ ತಾಯಿಯ ಬಾಯಿಂದ ಜಿಗಿದು ಓಡುವ ಚಪಲವಿಲ್ಲ. ಆಗಸ್ಟೀನನ ಚಿಂತೆಯೆಲ್ಲ ಆ ಚಪಲದ್ದು.

ಹಾಗೆಂದು ನಾನು ಅವನ ಜೊತೆ ಕೊನೆತನಕ ಹೋಗಲಾರೆ. ದೀಕ್ಷಾಸ್ನಾನವಾಗದೆ ಸತ್ತ ಹಸುಗೂಸಿಗೂ ದಂಡನೆಯಿದೆ ಎಂದನಲ್ಲ, ಅಲ್ಲಿ ಪೆಲಾಜಿಯಸನ ನ್ಯಾಯಬುದ್ಧಿಯೇ ಮೇಲು. ವಾದ ಮುಗಿದ ಬಗೆಯೂ ಚೆನ್ನಾಗಿಲ್ಲ. 415ರಲ್ಲಿ ಪ್ಯಾಲೆಸ್ಟೀನಿನ ಬಿಷಪ್ಪರ ಸಭೆ ಪೆಲಾಜಿಯಸನನ್ನು ನಿರ್ದೋಷಿ ಎಂದಿತ್ತು. 418ರಲ್ಲಿ ಅವನ ವಿರುದ್ಧ ಚಕ್ರವರ್ತಿ ಹೊನೋರಿಯಸನ ಆಜ್ಞೆ ಹೊರಟಿತು, ಕಾರ್ಥೇಜಿನ ಸಭೆಯೂ ಖಂಡಿಸಿತು.

ಸಾವಿರದ ನೂರು ವರ್ಷಗಳ ಬಳಿಕ ಅದೇ ಜಗಳ ಮತ್ತೆ ಎದ್ದಿತು. ಆಗಸ್ಟೀನನ ಹೆಸರಿನ ಸಂನ್ಯಾಸಿ ಸಂಘದಲ್ಲಿದ್ದ ಲೂಥರ್, ಮನುಷ್ಯ ನೀತಿವಂತನಾಗುವುದು ನಂಬಿಕೆಯೊಂದರಿಂದಲೇ ಎಂದ. 1547ರಲ್ಲಿ ಕ್ಯಾಥೊಲಿಕರ ಟ್ರೆಂಟ್ ಸಭೆ, ಆರಂಭ ಕೃಪೆಯದೇ, ಆದರೆ ಮನುಷ್ಯನೂ ಒಪ್ಪಿ ಸಹಕರಿಸಬೇಕು ಎಂದು ಉತ್ತರಿಸಿತು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಈ ವಿಷಯದ ಮೂಲ ಸತ್ಯಗಳಲ್ಲಿ ಒಮ್ಮತವಿದೆಯೆಂದು ಸಹಿ ಹಾಕಿದರು.

ಪೆಲಾಜಿಯಸನ ಆ ಪತ್ರ ಇಂದಿಗೂ ಓದಲು ಸಿಗುತ್ತದೆ. ಅದು ಉಳಿದದ್ದು ಅವನ ಕಡು ವಿರೋಧಿಯಾದ ಜೆರೋಮನ ಬರಹಗಳ ನಡುವೆ ಸೇರಿಕೊಂಡು.