ರಾಗಿಯ ಬೀಜಕ್ಕೆ ಬೊಕ್ಕಸದ ಹಣ ಬೇಕು

(ತಾಲೂಕು ರೈತ ಕಾರ್ಯಕರ್ತರ ಶಿಬಿರದಲ್ಲಿ ನಾಲ್ಕನೆಯ ಠರಾವನ್ನು ಮಂಡಿಸುತ್ತ ಮಾಡಿದ ಭಾಷಣ)



ಬೆಂಬಲ ಬೆಲೆ, ಸಾಲ, ಬಗರ್‌ಹುಕುಂ ಜಮೀನು, ಈ ಮೂರು ಠರಾವುಗಳಿಗೂ ತಾವು ಚಪ್ಪಾಳೆ ತಟ್ಟಿದಿರಿ. ನನ್ನ ಪಾಲಿಗೆ ಬಂದಿರುವ ನಾಲ್ಕನೆಯದಕ್ಕೆ ತಟ್ಟುವಿರೋ ಇಲ್ಲವೋ ತಿಳಿಯದು. ಹವಾಮಾನದ ಏರುಪೇರನ್ನು ತಾಳಬಲ್ಲ ತಳಿಗಳ ಸಂಶೋಧನೆಗೆ ಸರ್ಕಾರ ಹೆಚ್ಚು ಹಣ ಕೊಡಬೇಕು, ಅದನ್ನು ನಡುವೆ ನಿಲ್ಲಿಸದೆ ಕೊಡಬೇಕು ಎಂಬುದು ಠರಾವು. ನಿನ್ನೆ ರಾತ್ರಿಯ ಚರ್ಚೆಯಲ್ಲಿ ಒಬ್ಬ ಸಂಗಾತಿ ಕೇಳಿದರು: “ಮೇಷ್ಟ್ರೇ, ರೈತನಿಗೆ ಬರ ಪರಿಹಾರವೇ ನೆಟ್ಟಗೆ ಬರುವುದಿಲ್ಲ. ವಿಜ್ಞಾನಿಗಳಿಗೆ ದುಡ್ಡು ಕೊಡಿ ಅಂತ ನಾವ್ಯಾಕೆ ಗಂಟಲು ಹರಿದುಕೊಳ್ಳಬೇಕು?” ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳುವುದೇ ಇಂದಿನ ನನ್ನ ಕೆಲಸ.

ಪರಿಹಾರದ ಲೆಕ್ಕವನ್ನೇ ಮೊದಲು ನೋಡೋಣ. 2023ರ ಆಗಸ್ಟ್, ದೇಶದಲ್ಲಿ 1901ರಿಂದ ದಾಖಲೆಯಾದ ಆಗಸ್ಟ್ ತಿಂಗಳುಗಳಲ್ಲೆಲ್ಲ ಅತ್ಯಂತ ಒಣ ತಿಂಗಳು. ಆ ವರ್ಷ ನಮ್ಮ ರಾಜ್ಯದಲ್ಲಿ 223 ತಾಲೂಕುಗಳನ್ನು ಬರಪೀಡಿತವೆಂದು ಸಾರಲಾಯಿತು. ರಾಜ್ಯ ಕೇಂದ್ರದ ಮುಂದೆ ಕೇಳಿದ್ದು ಸುಮಾರು 18,000 ಕೋಟಿ ರೂಪಾಯಿ. ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2024ರ ಏಪ್ರಿಲಿನಲ್ಲಿ ಬಂದದ್ದು ಸುಮಾರು 3,450 ಕೋಟಿ. ಆಗಿದ್ದ ನಿಯಮದಂತೆ ಮಳೆಯಾಶ್ರಿತ ಬೆಳೆ ಹೋದರೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ 3,400. ಉತ್ತ ಕೂಲಿ, ಗೊಬ್ಬರ, ಕಳೆ ಕಿತ್ತ ಕೂಲಿ ಕೂಡಿಸಿದರೆ ಈ ಹಣ ಎಲ್ಲಿಗೆ ಸಾಕಾಗುತ್ತದೆಂದು ನಾನು ಹೇಳಬೇಕಾಗಿಲ್ಲ. ಆಗಸ್ಟಿನಲ್ಲಿ ಒಣಗಿದ ಪೈರಿಗೆ ಏಪ್ರಿಲಿನಲ್ಲಿ ಹಣ! ಪರಿಹಾರಕ್ಕಾಗಿ ನಾವು ಹೋರಾಡಲೇಬೇಕು. ಆದರೆ ಪರಿಹಾರ ಬರುವುದು ಪೈರು ಸತ್ತ ಮೇಲೆ. ಪೈರು ಸಾಯದಂತೆ ನೋಡಿಕೊಳ್ಳುವ ಕೆಲಸ ಯಾರದು?

ಬರವೊಂದೇ ಅಲ್ಲ. ಅದಕ್ಕೆ ಎರಡು ವರ್ಷ ಮೊದಲು, 2021ರ ನವೆಂಬರಿನಲ್ಲಿ, ಕೊಯ್ಲಿಗೆ ಬಂದ ರಾಗಿಯ ಮೇಲೆ ಮಳೆ ಬಿಡದೆ ಸುರಿಯಿತು. ತುಮಕೂರು, ಕೋಲಾರ ಸೀಮೆಗಳಲ್ಲಿ ತೆನೆ ಹೊಲದಲ್ಲೇ ಮೊಳಕೆಯೊಡೆಯಿತು. ಬೇಕಾದಾಗ ಇಲ್ಲ, ಬೇಡವಾದಾಗ ಹೊಯ್ಯುತ್ತದೆ. ನಮ್ಮ ಹಿರಿಯರು ಪುನರ್ವಸು, ಪುಷ್ಯ ಎಂದು ಮಳೆ ಎಣಿಸಿ ಕೂರಿಗೆ ಹೂಡುತ್ತಿದ್ದರು. ಆ ಲೆಕ್ಕ ಮೂಢನಂಬಿಕೆಯಲ್ಲ, ನೂರಾರು ವರ್ಷ ನೋಡಿ ಕಲಿತ ವಿದ್ಯೆ. ಮಳೆಯೇ ತನ್ನ ನಡತೆ ಬದಲಿಸಿದರೆ ಆ ವಿದ್ಯೆ ಒಂದೇ ಸಾಲದು.

ಹಾಗಾದರೆ ಬೀಜದಿಂದ ಏನಾಗುತ್ತದೆ? ಜುಲೈಯಲ್ಲಿ ಹದ ಸಿಕ್ಕರೆ 120 ದಿನದ ದೀರ್ಘಾವಧಿ ರಾಗಿ ಬಿತ್ತಬಹುದು. ಮಳೆ ತಡವಾದರೆ 110 ದಿನದ ಆಸುಪಾಸಿನಲ್ಲಿ ಬರುವ ಜಿಪಿಯು-28 ಇದೆ. ಇನ್ನೂ ತಡವಾದರೆ ಸುಮಾರು ನೂರು ದಿನಕ್ಕೇ ಕೊಯ್ಲಿಗೆ ಬರುವ ಜಿಪಿಯು-48ರಂಥ ತಳಿಗಳಿವೆ. ಹದಿನೈದು ಇಪ್ಪತ್ತು ದಿನಗಳ ವ್ಯತ್ಯಾಸ ಅಷ್ಟೇ. ಆದರೆ ಮಳೆ ಹಿಂದೆಗೆದ ವರ್ಷ ತೆನೆ ಕಾಳು ಕಟ್ಟುವುದೂ ಜೊಳ್ಳಾಗುವುದೂ ಆ ಇಪ್ಪತ್ತು ದಿನಗಳಲ್ಲೇ ನಿರ್ಧಾರವಾಗುತ್ತದೆ.

ಈ ತಳಿಗಳು ಹೇಗೆ ಬಂದವೆಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಠರಾವಿನ ಜೀವ ಇರುವುದು ಅಲ್ಲಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರೆಂಬ ವಿಜ್ಞಾನಿ ಇದ್ದರು. ರಾಗಿಯೊಂದನ್ನೇ ಹಿಡಿದು ಕೂತ ಮನುಷ್ಯ. 1950 ಮತ್ತು 60ರ ದಶಕಗಳಲ್ಲಿ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ಎಂಬ ತಳಿಗಳನ್ನು ಹೊರತಂದರು. ಅಷ್ಟಕ್ಕೇ ತೃಪ್ತರಾಗದೆ ನಮ್ಮ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿದರು. ಇಂಡಿಯಾದ ‘ಇಂಡ್’, ಆಫ್ರಿಕದ ‘ಆಫ್’ ಸೇರಿ ‘ಇಂಡಾಫ್’ ಎಂಬ ಹೆಸರಾಯಿತು. ರಾಗಿಯ ಹೂವು ನೋಡಿದ್ದೀರಲ್ಲ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು, ಅದೂ ತನ್ನ ಪರಾಗವನ್ನು ತಾನೇ ಹಿಡಿಯುವಂಥದು. ತೆನೆಗೆ ತೆನೆ ತಾಗುವಂತೆ ಕಟ್ಟಿ, ನೂರಾರು ಗಿಡಗಳಲ್ಲಿ ಎಲ್ಲೋ ಒಂದು ಬೆರಕೆಯಾಗಿದೆಯೇ ಎಂದು ಹುಡುಕುತ್ತ ಕೂರುವ ಕೆಲಸ ಅದು. ಬೆರಕೆ ಸಿಕ್ಕ ಮೇಲೆ ಅದರ ಗುಣ ನಿಲ್ಲಲು ಐದಾರು ತಲೆಮಾರು ಬೆಳೆಸಬೇಕು. ಆಮೇಲೆ ಬೇರೆ ಬೇರೆ ಮಣ್ಣಿನಲ್ಲಿ, ಬೇರೆ ಬೇರೆ ವರ್ಷಗಳ ಮಳೆಯಲ್ಲಿ ಪರೀಕ್ಷೆ. ಅನಂತರ ಬೀಜೋತ್ಪಾದನೆ. ಒಂದು ತಳಿ ಹೊಲಕ್ಕೆ ಇಳಿಯಲು ಹತ್ತು ವರ್ಷ ಹೆಚ್ಚಲ್ಲ.

ಇಂಡಾಫ್ ಬಂದು ರಾಗಿಯ ಇಳುವರಿ ಏರಿತು. ಆದರೆ ಬೆಂಕಿರೋಗ ಕೂತಿತ್ತು. ಕುತ್ತಿಗೆಗೆ ಬೆಂಕಿ ಹತ್ತಿದರೆ ತೆನೆ ಮುರಿದು ಬೀಳುತ್ತದೆ, ನಿಮಗೆ ಗೊತ್ತು. ಅದನ್ನು ತಡೆದದ್ದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಿಂದ 1990ರ ದಶಕದಲ್ಲಿ ಬಂದ ಜಿಪಿಯು-28. ಅದರ ವಂಶಾವಳಿ ತೆಗೆದು ನೋಡಿ: ಇಂಡಾಫ್-5 ಇದೆ, ಇಂಡಾಫ್-9 ಇದೆ, ಜತೆಗೆ ರೋಗ ತಡೆಯುವ ಇನ್ನೊಂದು ತಳಿಯ ರಕ್ತವಿದೆ. ಅಜ್ಜ ಇದ್ದದ್ದಕ್ಕೆ ಮೊಮ್ಮಗ. ನಡುವೆ ಯಾವನೋ ಹಣಕಾಸಿನ ಅಧಿಕಾರಿ “ಈ ವರ್ಷ ರಾಗಿಗೆ ಹಣವಿಲ್ಲ” ಎಂದು ಫೈಲು ಮುಚ್ಚಿದ್ದರೆ ಮೊಮ್ಮಗ ಹುಟ್ಟುತ್ತಿರಲಿಲ್ಲ. ಇಂದು ಈ ಸಭೆಯಲ್ಲಿ ಕುಳಿತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬಿತ್ತುವುದು ಜಿಪಿಯು-28. ಕೈ ಎತ್ತಿ ನೋಡೋಣ. (ಸಭೆಯಲ್ಲಿ ಬಹುಮಂದಿ ಕೈ ಎತ್ತಿದರು.) ನೋಡಿ, ಅಧ್ಯಕ್ಷರೂ ಎತ್ತಿದ್ದಾರೆ.

ಇದೇ ಕೆಲಸವನ್ನು ಬೀಜದ ಕಂಪೆನಿಗಳು ಮಾಡಲಿ ಎನ್ನುವವರುಂಟು. ಮಾಡುವುದಿಲ್ಲ. ಕಾರಣ ದುಷ್ಟತನವಲ್ಲ, ವ್ಯಾಪಾರ. ಮುಸುಕಿನ ಜೋಳಕ್ಕೆ ಹೈಬ್ರಿಡ್ ಬೀಜ ಉಂಟು. ದಾವಣಗೆರೆ, ಹಾವೇರಿ ಕಡೆಯ ರೈತ ಅದನ್ನು ಪ್ರತಿವರ್ಷ ಅಂಗಡಿಯಿಂದ ಕೊಳ್ಳಲೇಬೇಕು. ಆದ್ದರಿಂದ ಕಂಪೆನಿ ಅದಕ್ಕೆ ಹಣ ಹೂಡುತ್ತದೆ. ರಾಗಿಯ ಕಥೆ ಬೇರೆ. ಎಕರೆಗೆ ನಾಲ್ಕೈದು ಕಿಲೋ ಬೀಜ ಸಾಕು; ಒಮ್ಮೆ ಒಳ್ಳೆಯ ತಳಿ ಸಿಕ್ಕಿತೆಂದರೆ ಒಳ್ಳೆಯ ತೆನೆ ಆರಿಸಿ ಮಡಕೆಯಲ್ಲಿಟ್ಟು ಮುಂದಿನ ವರ್ಷ ಬಿತ್ತುತ್ತೀರಿ, ನಂಟರಿಗೂ ಕೊಡುತ್ತೀರಿ. ಇದರಲ್ಲಿ ಬಂಡವಾಳಗಾರನಿಗೆ ಲಾಭವೆಲ್ಲಿದೆ? ಬಡವನಿಗೆ ಅನುಕೂಲವಾದ ಗುಣವೇ ಬಂಡವಾಳಕ್ಕೆ ಬೇಡವಾದ ಗುಣ. ಆದಕಾರಣ ರಾಗಿ, ನವಣೆ, ಸಾವೆ, ಹುರುಳಿಗೆ ಬೊಕ್ಕಸವೊಂದೇ ದಿಕ್ಕು. ಹೊರದೇಶದ ನೆರವನ್ನು ನೆಚ್ಚುವುದೂ ಸಲ್ಲದು. 2025ರಲ್ಲಿ ಅಮೆರಿಕ ತನ್ನ ವಿದೇಶಿ ನೆರವಿನ ಇಲಾಖೆಯನ್ನೇ ಕಿತ್ತುಹಾಕಿತು. ಅದರ ಹಣದಲ್ಲಿ ನಡೆಯುತ್ತಿದ್ದ ಬೆಳೆ ಸಂಶೋಧನೆಗಳು ವಾರಗಳೊಳಗೆ ನಿಂತುಹೋದವು.

ಬೊಕ್ಕಸ ಏನು ಕೊಡುತ್ತಿದೆ? ಕೇಂದ್ರದ 2024–25ರ ಆಯವ್ಯಯದಲ್ಲಿ ಇಡೀ ದೇಶದ ಕೃಷಿ ಸಂಶೋಧನೆ ಮತ್ತು ಶಿಕ್ಷಣದ ಇಲಾಖೆಗೆ ಇಟ್ಟದ್ದು ಸುಮಾರು 9,900 ಕೋಟಿ. ರಾಸಾಯನಿಕ ಗೊಬ್ಬರದ ಸಹಾಯಧನಕ್ಕೆ ಸುಮಾರು 1,64,000 ಕೋಟಿ. ಗೊಬ್ಬರದ ಸಹಾಯಧನ ಕಡಿಯಿರೆಂದು ನಾನು ಹೇಳುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಒಂದಕ್ಕೆ ಹದಿನಾರು ಎಂಬ ಪ್ರಮಾಣ ನೋಡಿ. ಸಂಶೋಧನೆಯ ಹಣದಲ್ಲೂ ಹೆಚ್ಚಿನ ಪಾಲು ಸಂಬಳ, ನಿವೃತ್ತಿ ವೇತನಕ್ಕೆ ಹೋಗಿ, ಪ್ರಯೋಗಕ್ಕೆ ಉಳಿಯುವುದು ಅಲ್ಪ. ಬೇಸಾಯದಿಂದ ಹುಟ್ಟುವ ನೂರು ರೂಪಾಯಿಯಲ್ಲಿ ಸಂಶೋಧನೆಗೆ ಹಿಂದಿರುಗುವುದು ಐವತ್ತು ಪೈಸೆಗೂ ಕಡಿಮೆ. ಒಂದು ರೂಪಾಯಿಯಾದರೂ ಕೊಡಿ ಎಂದು ಸರ್ಕಾರಿ ಸಮಿತಿಗಳೇ ಬಹುಕಾಲದಿಂದ ಹೇಳುತ್ತಿವೆ. ಕೇಂದ್ರದಿಂದ ಬಂದ ಆ 3,450 ಕೋಟಿ ಬರ ಪರಿಹಾರ, ಒಂದು ರಾಜ್ಯದ ಒಂದು ವರ್ಷದ್ದು; ಅದು ದೇಶದ ಇಡೀ ಸಂಶೋಧನಾ ಹಣದ ಮೂರರಲ್ಲೊಂದು ಭಾಗ. ಕರಿಹಲಗೆ ಇದ್ದಿದ್ದರೆ ಬರೆದು ತೋರಿಸುತ್ತಿದ್ದೆ.

ಕೆಲಸವೇ ಆಗಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಹವಾಮಾನಕ್ಕೆ ಹೊಂದುವ ಬೇಸಾಯಕ್ಕಾಗಿ ಭಾರತೀಯ ಕೃಷಿ ಸಂಶೋಧನಾ ಪರಿಷತ್ತು 2011ರಲ್ಲಿ ‘ನಿಕ್ರಾ’ ಎಂಬ ಯೋಜನೆ ಆರಂಭಿಸಿತು. 2024ರ ಆಗಸ್ಟಿನಲ್ಲಿ ಪ್ರಧಾನಿಯವರು 61 ಬೆಳೆಗಳ 109 ತಳಿಗಳನ್ನು ಒಂದೇ ದಿನ ಬಿಡುಗಡೆ ಮಾಡಿದರು. ಸಂತೋಷ. ಆದರೆ ದೆಹಲಿಯಲ್ಲಿ ತಳಿ ಬಿಡುಗಡೆಯಾಗುವುದು ಬೇರೆ, ಹದ ಬಂದ ದಿನ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಆ ಬೀಜದ ಚೀಲ ಸಿಗುವುದು ಬೇರೆ. ಮೊದಲನೆಯದಕ್ಕೆ ಪತ್ರಿಕೆಯಲ್ಲಿ ಚಿತ್ರ ಬರುತ್ತದೆ. ಎರಡನೆಯದಕ್ಕೆ ಬೀಜೋತ್ಪಾದನೆಯ ಹಣ, ಗೋದಾಮು, ಜನ ಬೇಕು.

ಇನ್ನೊಂದು ಮಾತು. ಸಂಶೋಧನೆ ಎಂದರೆ ದೊಡ್ಡ ರೈತನಿಗೆ ಎಂಬ ಗುಮಾನಿ ನಿಮ್ಮಲ್ಲಿದೆ. ಅದಕ್ಕೆ ಆಧಾರವೂ ಇದೆ. 1960ರ ದಶಕದ ಹಸಿರು ಕ್ರಾಂತಿ ನೀರಿದ್ದವನ ಗೋಧಿ ಭತ್ತಕ್ಕೆ ಒಲಿಯಿತು, ಮಳೆ ನಂಬಿದವನು ಹೊರಗುಳಿದ. ಅದಕ್ಕೇ ಹಣ ಕೇಳಿದರೆ ಸಾಲದು, ಹಣ ಯಾವ ಹೊಲಕ್ಕೆ ಎಂಬುದನ್ನೂ ಕೇಳಬೇಕು. ವಿಶ್ವವಿದ್ಯಾಲಯದ ಬೇಲಿಯೊಳಗೆ ಕೊಳವೆಬಾವಿ ನೀರುಂಡು ಬೆಳೆದ ರಾಗಿ ಬರಕ್ಕೆ ನಿಲ್ಲುತ್ತದೆಂದು ಯಾರು ನಂಬುತ್ತಾರೆ? ಪರೀಕ್ಷೆ ನಮ್ಮ ಕೆಮ್ಮಣ್ಣಿನಲ್ಲಿ ಆಗಲಿ. ಇಳುವರಿಯೊಂದನ್ನೇ ತೂಗದೆ ಹುಲ್ಲನ್ನೂ ತೂಗಲಿ, ಏಕೆಂದರೆ ಹುಲ್ಲಿಲ್ಲದ ರಾಗಿಯನ್ನು ದನ ಕಟ್ಟಿದ ಮನೆಯಲ್ಲಿ ಹೆಂಗಸರು ಒಪ್ಪುವುದಿಲ್ಲ.

ಠರಾವಿನಲ್ಲಿ ಕೇಳಿರುವುದು ಇಷ್ಟು: ಸಂಶೋಧನೆಯ ಹಣವನ್ನು ನೂರಕ್ಕೆ ಒಂದರ ಮಟ್ಟಕ್ಕೆ ಏರಿಸಬೇಕು, ಮಳೆಯಾಶ್ರಿತ ಬೆಳೆಗಳ ತಳಿ ಕೆಲಸಕ್ಕೆ ವರ್ಷವರ್ಷ ಕಡಿಯಲಾಗದಂತೆ ಹತ್ತು ವರ್ಷದ ಹಣ ಒಟ್ಟಿಗೆ ಗೊತ್ತುಮಾಡಬೇಕು, ಕೃಷಿ ವಿಶ್ವವಿದ್ಯಾಲಯಗಳ ಖಾಲಿ ಹುದ್ದೆ ತುಂಬಬೇಕು, ಪ್ರತಿ ಹೋಬಳಿಯಲ್ಲೂ ರೈತನ ಹೊಲದಲ್ಲೇ ಪರೀಕ್ಷಾ ತಾಕು ಇರಬೇಕು, ಅದರ ಫಲಿತಾಂಶವನ್ನು ಗ್ರಾಮಸಭೆಯಲ್ಲಿ ಓದಬೇಕು. ತಾಕಿಗೆ ಎರಡು ಗುಂಟೆ ಬಿಟ್ಟುಕೊಡಲು ಮನಸ್ಸಿರುವವರು ಹೆಸರು ಬರೆಸಬಹುದು. ಕರಡು ಮೇಜಿನ ಮೇಲಿದೆ. ತಿದ್ದುಪಡಿ ಇದ್ದರೆ ಊಟಕ್ಕೆ ಮೊದಲೇ ಬರೆದುಕೊಡಿ. ಊಟವಾದ ಮೇಲೆ ಮತಕ್ಕೆ ಹಾಕುತ್ತೇವೆ.