ದೀಪಾವಳಿಯ ಪಟಾಕಿ ಮತ್ತು ನಮ್ಮ ಸಾಕುಪ್ರಾಣಿಗಳು

(ಸಂತೆಮರಹಳ್ಳಿಯಲ್ಲಿ ರೈತರಿಗಾಗಿ ನೀಡಿದ ಉಪನ್ಯಾಸ)



ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸಿದರೆ, ದನಕ್ಕೆ ಸುಮಾರು 35,000, ನಾಯಿಗೆ ಸುಮಾರು 45,000 ಕಂಪನಗಳವರೆಗೆ ಕೇಳಿಸುತ್ತದೆ. ಆದ್ದರಿಂದ ಪಟಾಕಿ ನಮಗೆ ಸಂಭ್ರಮವಾದರೂ ಅವಕ್ಕೆ ಹಿಂಸೆ. ಬೆದರಿದ ಹಸು ಹಾಲು ಇಳಿಸುವುದಿಲ್ಲ. ಗಬ್ಬದ ಹಸು ಹಗ್ಗ ಜಗ್ಗಿ ಬಿದ್ದರೆ ಕರುವಿಗೂ ಅಪಾಯ.

ಹಬ್ಬದ ದಿನ ಕತ್ತಲಾಗುವ ಮೊದಲೇ ಹಾಲು ಕರೆದು, ಮೇವು ನೀರು ಕೊಟ್ಟು, ದನಗಳನ್ನು ಕೊಟ್ಟಿಗೆಯೊಳಗೆ ಕಟ್ಟಬೇಕು. ಎಳೆದಷ್ಟೂ ಬಿಗಿಯುವ ಜೀರುಗುಣಿಕೆ ಹಾಕಬಾರದು. ಕೊಟ್ಟಿಗೆ, ಬಣವೆಗಳ ಹತ್ತಿರ ಪಟಾಕಿ ಹಚ್ಚಕೂಡದು. ನಾಯಿಯನ್ನು ಸರಪಳಿಯಲ್ಲಿ ಕಟ್ಟದೆ ಒಳಕೋಣೆಯಲ್ಲಿ ಬಿಟ್ಟು, ರೇಡಿಯೋ ಹಾಕಿಡಿ. ನಡುಗಿದರೆ ಗದರಬೇಡಿ. ಪಶುವೈದ್ಯರನ್ನು ಕೇಳದೆ ನಿದ್ರೆಯ ಮಾತ್ರೆ ಕೊಡಬೇಡಿ.

ಸದ್ದು ನಿಂತ ಮೇಲೂ ಅಪಾಯ ತಪ್ಪುವುದಿಲ್ಲ. ಮಕ್ಕಳು ಹಿತ್ತಲಲ್ಲಿ ಎಸೆದ ಸುರುಸುರುಬತ್ತಿಯ ತಂತಿ ಮೇವಿನೊಡನೆ ಸೇರಿದರೆ, ದನ ಸರಿಯಾಗಿ ಅಗಿಯದೆ ನುಂಗಿಬಿಡುತ್ತದೆ. ಅದು ಹೊಟ್ಟೆಯ ಎರಡನೆಯ ಕೋಣೆಯಲ್ಲಿ ನಿಂತು, ಮುಂದೆ ಹೃದಯವನ್ನೇ ಚುಚ್ಚಬಹುದು. ಮೇವು ಬಿಟ್ಟು, ಬೆನ್ನು ಗೂನು ಮಾಡಿ, ಮುಂಗಾಲುಗಳನ್ನು ಅಗಲಿಸಿ ನಿಂತ ದನವನ್ನು ಕೂಡಲೇ ಪಶುವೈದ್ಯರಿಗೆ ತೋರಿಸಿ. ಪೂಜೆಯ ಕಣಗಿಲೆ ಹೂವು, ಸೊಪ್ಪನ್ನೂ ಹಿತ್ತಲಿಗೆ ಎಸೆಯಬೇಡಿ. ಒಣಗಿದರೂ ಅದರ ವಿಷ ಹೋಗುವುದಿಲ್ಲ.

ಉರಿದ ತಂತಿಗಳನ್ನು ನೀರು ತುಂಬಿದ ಡಬ್ಬಿಗೆ ಹಾಕುವ ಕೆಲಸವನ್ನು ಮಕ್ಕಳಿಗೇ ವಹಿಸಿ. ಹಚ್ಚಿದಷ್ಟೂ ತಂತಿ ಡಬ್ಬಿಯಲ್ಲಿವೆಯೇ ಎಂದು ಎಣಿಸಿ, ಹಿತ್ತಲು ಗುಡಿಸಿದ ಮೇಲೆಯೇ ಬೆಳಿಗ್ಗೆ ದನಗಳನ್ನು ಬಿಚ್ಚಿ.